ಪೋಪಿಯ ಹಾಳೆ: ಹುಯ್ಯುವುದೋ, ಸವರುವುದೋ?

ನಮಸ್ಕಾರ. ಸ್ವಲ್ಪ ಅರ್ಜೆಂಟು. ಸಿಂಗಪುರದ ನಮ್ಮ ಬಳಗದ ಅಡುಗೆ ಪುಸ್ತಿಕೆಗೆ 'ಪೋಪಿಯ' ಅನ್ನುವ ತಿಂಡಿಯನ್ನು ಮನೆಯಲ್ಲೇ ಮಾಡುವ ಬಗೆ ಬರೆಯುತ್ತಿದ್ದೇನೆ, ಇವತ್ತು ರಾತ್ರಿ ಅಚ್ಚಿಗೆ ಹೋಗಬೇಕು. ಇದು ಚೀನಾದ ಫೂಜಿಯನ್ ಕಡೆಯ, ಎಣ್ಣೆಯಲ್ಲಿ ಕರಿಯದ ಸ್ಪ್ರಿಂಗ್ ರೋಲ್. ಮೈದಾಕ್ಕೆ ನೀರು ಜಾಸ್ತಿ ಹಾಕಿ ನಾದಿ, ಜೋಲಾಡುವ ಮುದ್ದೆಯನ್ನು ಕೈಯಲ್ಲಿ ಕುಣಿಸುತ್ತಾ ಬಿಸಿ ಕಾವಲಿಗೆ ಒಂದು ಸುತ್ತು ಮುಟ್ಟಿಸಿ ಎತ್ತಿಬಿಡುತ್ತಾರೆ. ತೆಳು ಪೊರೆ ಅಂಟಿಕೊಳ್ಳುತ್ತದೆ, ಅಂಚು ಎದ್ದ ಕೂಡಲೇ ಬಿಡಿಸಬೇಕು. ಈ ಕೆಲಸಕ್ಕೆ ಕ್ರಿಯಾಪದ ಯಾವುದು? ಪೊರೆಗೆ ಏನನ್ನೋಣ?

ಮೈಸೂರಿನಿಂದ: ಹುಯ್ಯುವುದು. ದೋಸೆಗೆ ಇರುವುದೇ ಅದು.

ಶಿರಸಿಯಿಂದ: ಸುರಿಯುವುದೇ ಇಲ್ಲ ಅಂತ ಬರೆದಿದ್ದಾರಲ್ಲ ಸ್ವಾಮಿ, ಓದಿ. ಹುಯ್ಯುವುದು, ಎರೆಯುವುದು ಎರಡೂ ನೀರಾದ ಹಿಟ್ಟಿಗೆ. ತಟ್ಟುವುದು ರೊಟ್ಟಿಗೆ. ಲಟ್ಟಿಸೋಣ ಅಂದರೆ ಲಟ್ಟಣಿಗೆಯೇ ಇಲ್ಲ. 'ಸವರು' ಅನ್ನಿ. ಪೊರೆಗೆ ನಮ್ಮ ತೆಳು ದೋಸೆಯ ಹೆಸರು 'ತೆಳ್ಳೇವು' ಸಾಕು, ಫೂಜಿಯನ್ ಕಡೆಯ ಹೊಕ್ಕಿಯೆನ್ ನುಡಿಯಲ್ಲಿ ಪೋಪಿಯ ಅಂದರೂ ತೆಳು ರೊಟ್ಟಿ ಅಂತಲೇ.

ಮೈಸೂರಿನಿಂದ: ತೆಳ್ಳೇವು ಅಕ್ಕಿಯದು. ಮೈದಾಕ್ಕೆ ಆ ಹೆಸರಿಟ್ಟರೆ ನಿಮ್ಮೂರಿನ ಅಜ್ಜಿಯಂದಿರೇ ಜಗಳಕ್ಕೆ ಬರುತ್ತಾರೆ. ತಿಂಡಿಯ ಹೆಸರೂ ಕನ್ನಡದ್ದೇ ಇರಲಿ: 'ಸುಗ್ಗಿಸುರುಳಿ'. ಸ್ಪ್ರಿಂಗ್ ಅಂದರೆ ಇಲ್ಲಿ ಸುತ್ತಿದ ತಂತಿ ಅಲ್ಲ, ವಸಂತ, ವಸಂತವೂ ಸಂಸ್ಕೃತ. ಎರವಲು ಯಾಕೆ ಬೇಕು?

ಬೆಂಗಳೂರಿನಿಂದ: ಸುಗ್ಗಿ ಕೊಯ್ಲಿನ ಕಾಲ. ಪೋಪಿಯವನ್ನು ಫೂಜಿಯನ್‌ನಲ್ಲಿ ಮುಖ್ಯವಾಗಿ ತಿನ್ನುವುದು ಏಪ್ರಿಲ್ 4-5ರ ಹೊತ್ತಿಗೆ ಬರುವ ಚಿಂಗ್‌ಮಿಂಗ್‌ನಲ್ಲಿ, ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವಾಗ. ನಿಮ್ಮ ಸುಗ್ಗಿ ಅಲ್ಲಿ ಎಲ್ಲಿಂದ ಬಂತು? ಇನ್ನು ಎರವಲು ಬೇಡ ಅನ್ನುವವರು ಬೆಳಿಗ್ಗೆ ಏನು ಕುಡಿದಿರಿ? 'ಟೀ' ಹೊರಟಿದ್ದೂ ಅದೇ ಹೊಕ್ಕಿಯೆನ್ ನುಡಿಯಿಂದ, ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಬಂದು ನಮ್ಮ ಹೋಟೆಲು ಸೇರಿತು.

ಮೈಸೂರಿನಿಂದ: ನಾನು ಕಾಫಿ.

ಬೆಂಗಳೂರಿನಿಂದ: ಅದರ ಬೇರು ಅರಬ್ಬಿ. ಬಟಾಟೆ ಪೋರ್ಚುಗೀಸು, ಮೇಜು ಪಾರಸಿ. ಇದೇ ತಿಂಡಿಗಿರುವ ಇನ್ನೊಂದು ಹೊಕ್ಕಿಯೆನ್ ಹೆಸರನ್ನು ಇಂಡೋನೇಷ್ಯಾ, ಫಿಲಿಪೀನ್ಸಿನವರು 'ಲುಂಪಿಯಾ' ಮಾಡಿಕೊಂಡು ಸುಮ್ನೆ ತಿನ್ನುತ್ತಿದ್ದಾರೆ. ನಾವು ಮಾತ್ರ ತಟ್ಟೆ ಮುಂದಿಟ್ಟುಕೊಂಡು ನಾಮಕರಣ ಮಾಡುತ್ತಾ ಕೂತಿದ್ದೇವೆ.

ಸಿಂಗಪುರದಿಂದ: 'ಸವರು' ತಗೊಂಡೆ. ಹೆಸರು ಪೋಪಿಯವೇ, ಪೊರೆಗೆ 'ಹಾಳೆ'. ಒಳಗೆ ತುಂಬುವುದು ಬಾಡಿಸಿದ ಗಡ್ಡೆ, ಕ್ಯಾರೆಟ್, ಮೊಳಕೆ ಕಾಳು, ಮೇಲೆ ಕಡಲೆಬೀಜದ ಪುಡಿ. ಇದಕ್ಕೆ 'ಹೂರಣ' ಅನ್ನಬಹುದಾ?

ಶಿರಸಿಯಿಂದ: ಹೂರಣ ಹೋಳಿಗೆಗೆ. ಪಲ್ಯ ಅನ್ನಿ. ನೀರು ಬಸಿದು ತುಂಬಿ ಅಂತಲೂ ಬರೆಯಿರಿ, ಇಲ್ಲದಿದ್ದರೆ ಹಾಳೆ ಹರಿಯುತ್ತದೆ.