ಸ್ಟೇಷನ್ ಹತ್ರದ ಲಾಡ್ಜಿಗೆ ಹೋಟೆಲ್ ಚೈನ್‌ನವ್ರ ಬೋರ್ಡ್ ಹಾಕಸ್ಬೇಕೋ ಬ್ಯಾಡೋ? ತಿಳದವ್ರು ಹೇಳ್ರಿ

ಸ್ಟೇಷನ್‌ರೋಡ್ ಹುಡುಗ (ಹುಬ್ಬಳ್ಳಿ)

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ ಸ್ಟೇಷನ್ ಹತ್ರ ನಮ್ಮದೊಂದು 18 ರೂಮಿನ ಲಾಡ್ಜ್ ಐತಿ, ಅಪ್ಪಾರು ಕಟ್ಟಿಸಿದ್ದು, ಈಗ ಅವ್ರಿಗೆ ಮೊಣಕಾಲು ಬ್ಯಾನಿ ಅಂತ ಎರಡು ವರ್ಷದಿಂದ ನಾನ ಕೌಂಟರ್‌ನಾಗ ಕುಂದರ್ತೀನಿ. ಹೋದ ವಾರ ಒಂದು ಬಜೆಟ್ ಹೋಟೆಲ್ ಚೈನ್‌ನವ್ರು ಬಂದಿದ್ರು. ನಮ್ಮ ಬೋರ್ಡ್ ಹಾಕ್ರಿ, ಆಪ್‌ನಾಗ ತೋರಸ್ತೀವಿ, ದಿನಾ 16 ರೂಮ್ ತುಂಬಸ್ತೀವಿ ಅಂದ್ರು. ಕಮಿಷನ್ ನೂರಕ್ಕ 22, ರೇಟ್ ಅವ್ರ ಇಡ್ತಾರ, ಚೆಕ್‌ಇನ್ ಮಧ್ಯಾಹ್ನ 12ಕ್ಕ ಚೆಕ್‌ಔಟ್ 11ಕ್ಕ. ಈಗ ನಮಗ ದಿನಕ್ಕ ಸರಾಸರಿ 11 ರೂಮ್ ಹೋಗ್ತಾವು, 800 ರೂಪಾಯಿ ಬಾಡಿಗಿ. ಅಪ್ಪಾರು ಬ್ಯಾಡೇ ಬ್ಯಾಡ ಅಂತಾರ, ನನಗ ಖಾಲಿ ಇರೋ 7 ಕೀಲಿ ದಿನಾ ಕಣ್ಣಿಗೆ ಬೀಳ್ತಾವು. ಈ ಮಂದಿ ಇಷ್ಟು ಲಗೂ ಹ್ಯಾಂಗ ಬೆಳದ್ರು, ನಮಗ ಇದ್ರಾಗ ಖರೇನ ಫಾಯದೆ ಐತೇನು?

ಫ್ರಂಟ್‌ಡೆಸ್ಕ್ ಧಾರವಾಡ

ಬೆಂಗಳೂರಾಗ 9 ವರ್ಷ ಬಜೆಟ್ ಹೋಟೆಲ್‌ನಾಗ ಕೆಲಸ ಮಾಡಿ ಈಗ ಊರಿಗೆ ಬಂದೀನಿ, ಗೊತ್ತಿದ್ದಷ್ಟು ಹೇಳ್ತೀನಿ.

ಮೊದಲಿನ ಚೈನ್‌ಗಳು ಸ್ವಂತ ಬಿಲ್ಡಿಂಗ್ ಕಟ್ಟಿಸಿ ಬೆಳದ್ವು. ಅಮೆರಿಕಾದ ಮೋಟೆಲ್ 6 ಸಾಂತಾ ಬಾರ್ಬರಾದಾಗ 1962ರಾಗ ಚಾಲೂ ಆತು, ರಾತ್ರಿಗೆ 6 ಡಾಲರ್ ಬಾಡಿಗಿ, ಅದಕ್ಕ ಆ ಹೆಸರು. ಫ್ರಾನ್ಸ್‌ನಾಗ 1985ರಾಗ ಬಂದ ಫಾರ್ಮ್ಯೂಲ್ 1 ಇನ್ನೂ ಮುಂದ ಹೋಗಿ ಬಾತ್‌ರೂಮನ್ನ ರೂಮಿನಿಂದ ತಗದು ಕಾರಿಡಾರ್‌ನಾಗ ಇಟ್ಟಿತು. ನಮ್ಮ ಕಡೆ ಟಾಟಾದವ್ರು 2004ರಾಗ ವೈಟ್‌ಫೀಲ್ಡ್‌ನಾಗ ಇಂಡಿಒನ್ ಅಂತ ತಗದ್ರು, ಅದ ಆಮ್ಯಾಲ ಜಿಂಜರ್ ಆತು. ಇವ್ರೆಲ್ಲಾ ಗಿರಾಕಿಗೆ ಏನು ಬೇಕಾಗಿಲ್ಲೋ ಅದನ್ನ ತಗದು ರೇಟ್ ಇಳಿಸಿದ್ರು.

2013ರಾಗ ರಿತೇಶ್ ಅಗರ್ವಾಲ್ ಗುರುಗ್ರಾಮದಾಗ ಓಯೋ ಚಾಲೂ ಮಾಡಿದಾಗ ದಾರಿನ ಬ್ಯಾರೆ ಆತು, ಆಗ ಆ ಹುಡುಗಗ 19 ವರ್ಷ. ಜಾಗ ತಗೊಳ್ಳೋದಿಲ್ಲ, ಗ್ವಾಡಿ ಕಟ್ಟೋದಿಲ್ಲ, ನಿಮ್ಮಂಥವ್ರು ಕಟ್ಟಿಸಿಟ್ಟ ಲಾಡ್ಜಿಗೆ ಹೆಸರು, ಬಿಳಿ ಚಾದರ, ಆಪ್ ಕೊಡೋದು. 2015ರಾಗ ಬೆಂಗಳೂರಿನ ಟ್ರೀಬೋನೂ ಹಂಗ ಬಂತು. ಕಟ್ಟೋ ಖರ್ಚು ಇಲ್ಲಂದ ಮ್ಯಾಲ ಊರೂರಿಗೆ ಹಬ್ಬಾಕ ಎಷ್ಟೊತ್ತು? ಹೊರಗಿನ ಹೂಡಿಕೆದಾರರ ರೊಕ್ಕಾನೂ ಭಾಳ ಬಂತು, ಅದ್ರಾಗ ಡಿಸ್ಕೌಂಟ್ ಕೊಟ್ರು. 2024ರಾಗ ಅದ ಓಯೋದವ್ರು ಮೋಟೆಲ್ 6 ಹೆಸರನ್ನ 52.5 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಹೇಳಿದ್ರು.

ಈಗ ನಿಮ್ಮ ಲೆಕ್ಕ ಮಾಡೂಣು. ಇವತ್ತು 11 ರೂಮ್ 800ರಂಗ 8,800. ಅವ್ರು ಹೇಳ್ದಂಗ 16 ರೂಮ್ ಹೋದ್ರೂ ರೇಟ್ 600ಕ್ಕ ಇಳಸಿದ್ರ 9,600. ಅದ್ರಾಗ ಕಮಿಷನ್ 2,112 ಹೋತು, ಕಮಿಷನ್ ಮ್ಯಾಲ 18% ಜಿಎಸ್‌ಟಿ ಅಂದಾಜು 380. ನಿಮ್ಮ ಕೈಗೆ 7,108. ಇನ್ನೊಂದ್ ಮಾತು, 2025ರ ಸೆಪ್ಟೆಂಬರ್ 22ರಿಂದ 7,500ರ ಒಳಗಿನ ರೂಮಿಗೆ 5% ಟ್ಯಾಕ್ಸ್, ಆದ್ರ ಇನ್‌ಪುಟ್ ಕ್ರೆಡಿಟ್ (ನೀವು ಖರ್ಚಿನ ಮ್ಯಾಲ ಕಟ್ಟಿದ ಜಿಎಸ್‌ಟಿ ಮುರಕೊಳ್ಳೋದು) ಇಲ್ಲ, ಹಿಂಗಾಗಿ ಆ 380 ಹೊಳ್ಳಿ ಬರಂಗಿಲ್ಲ. ಮ್ಯಾಲ ಐದು ರೂಮಿನ ಚಾದರ ಒಗಿಯೋದು, ಬಿಸಿನೀರು, ಕರೆಂಟ್ ನಿಮ್ಮದ. ಕೆಲಸ ಹೆಚ್ಚಾತು, ರೊಕ್ಕ ಕಡಿಮಿ ಆತು. ರೇಟ್ ಇಳಸೋ ಹಕ್ಕು ಅವ್ರಿಗೆ ಬರದು ಕೊಡಬ್ಯಾಡ್ರಿ, ಇಷ್ಟಕ್ಕಿಂತ ಕೆಳಗ ಮಾರಂಗಿಲ್ಲ ಅಂತ ಅಗ್ರಿಮೆಂಟ್‌ನಾಗ ಬರಸ್ರಿ, ಒಪ್ಪಲಿಲ್ಲಂದ್ರ ಬಿಟ್ಟ್ ಬಿಡ್ರಿ.

ಗದಗ ಲಾಡ್ಜ್‌ನವ್ರು

ನಾವು ಬೋರ್ಡ್ ಹಾಕಸಿ ಸುಟ್ಟಕೊಂಡವ್ರು, ಯಾವ ಚೈನ್ ಅಂತ ಹೆಸರ ಹೇಳಂಗಿಲ್ಲ. ತಿಂಗಳಿಗೆ ಇಷ್ಟು ಗ್ಯಾರಂಟಿ ಕೊಡ್ತೀವಿ ಅಂದ್ರು, ನಂಬಿ ಸಾಲ ಮಾಡಿ ಎಸಿ ಹಾಕಸಿದ್ವಿ, ಪೇಂಟ್ ಹೊಡಸಿದ್ವಿ. ಐದು ತಿಂಗಳು ರೊಕ್ಕ ಬಂತು, ಆರನೇ ತಿಂಗಳು ಗಿರಾಕಿ ಕಂಪ್ಲೇಂಟ್ ಕೊಟ್ಟಾರ ಅಂತ ಪೆನಾಲ್ಟಿ ಹಿಡಕೊಂಡ್ರು, ಯಾವ ಗಿರಾಕಿ ಏನ್ ಕಂಪ್ಲೇಂಟ್ ಅಂತ ಕೇಳಿದ್ರ ಫೋನ್ ಎತ್ತವ್ರಿಲ್ಲ. ಒಂದಿನ ರಾತ್ರಿ ಹನ್ನೊಂದಕ್ಕ ಮದುವಿಗೆ ಬಂದ ಒಂದ್ ಕುಟುಂಬ, ಸಣ್ಣ ಕೂಸು ಕಟ್ಟಿಕೊಂಡು, ಆಪ್‌ನಾಗ ರೊಕ್ಕ ಕಟ್ಟೀವಿ ಅಂತ ಬಂದು ನಿಂತ್ರು, ರೂಮ್ ನೋಡಿದ್ರ ಒಂದೂ ಇಲ್ಲ. ಇರೋದಕ್ಕಿಂತ ಹೆಚ್ಚ ಬುಕ್ ಮಾಡಿದವ್ರು ಅವ್ರು, ಬೈಸ್ಕೊಂಡವ್ರು ನಾವು. ಆ ಕೂಸಿನ ತಾಯಿ ನಮ್ಮ ಬೆಂಚ್ ಮ್ಯಾಲ ಕುಂತು ಅತ್ತಿದ್ದು ಇನ್ನೂ ಮರತಿಲ್ಲ. ನಮ್ಮ ಮನಿ ರೂಮ್ ಬಿಟ್ಟುಕೊಟ್ವಿ ಆವತ್ತು. ಅಪ್ಪಾರ ಮಾತು ಕೇಳಪಾ ತಮ್ಮಾ.

ಹಾವೇರಿಯಿಂದ

ನಾನು ಗಿರಾಕಿ ಕಡಿಂದ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ತಾಯಿನ್ನ ಕಿಮ್ಸ್ ದವಾಖಾನಿಗೆ ತೋರಸಾಕ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬರ್ತೀವಿ. ಚೈನ್ ಬೋರ್ಡ್ ಇದ್ದಲ್ಲೇ ಹೋಗ್ತೀವಿ, ಯಾಕಂದ್ರ ರೂಮಿನ ಫೋಟೋ ಮೊದಲ ಕಾಣತೈತಿ, ರೇಟ್ ಕೌಂಟರ್‌ನಾಗ ಬದಲಾಗಂಗಿಲ್ಲ. ಹಳೇ ಲಾಡ್ಜ್‌ನಾಗ ಒಮ್ಮೆ ಬಣ್ಣದ ಚಾದರ ಎತ್ತಿ ನೋಡಿದ್ರ ಕೆಳಗ ಗಾದಿ ಪೂರಾ ಕಲೆ ಬಿದ್ದಿತ್ತು, ಬಾತ್‌ರೂಮ್ ಅಗಳಿ ಕಿತ್ತು ಹೋಗಿತ್ತು, ನಮ್ಮವ್ವ ಒಳಗ ಹೋದಾಗ ನಾನು ಹೊರಗ ಬಾಗಿಲ ಹಿಡಕೊಂಡು ನಿಂತಿದ್ದೆ. ಬಿಳಿ ಚಾದರ, ಗಟ್ಟಿ ಅಗಳಿ, ಮುಂಜಾನಿ ಬಿಸಿನೀರು ನೀವ ಕೊಟ್ರ ನಮಗ ಆಪ್ ಯಾಕ ಬೇಕು?

ಸ್ಟೇಷನ್‌ರೋಡ್ ಹುಡುಗ (ಹುಬ್ಬಳ್ಳಿ)

ಹಾವೇರಿ ಅಣ್ಣಾರ, ಓದಿದ ಕೂಡ್ಲೆ ಎದ್ದು ಹೋಗಿ 18 ರೂಮಿನ ಅಗಳಿ ನೋಡಿ ಬಂದೆ, ಮೂರರಾಗ ಸಡ್ಲ ಅದಾವು, ನಾಳೆ ಬಡಗ್ಯಾರನ್ನ ಕರಸ್ತೀನಿ. ಬೋರ್ಡ್ ಸದ್ಯ ಬ್ಯಾಡ ಅಂತ ಅಪ್ಪಾರಿಗೆ ಹೇಳ್ದೆ. ಬಿಳಿ ಚಾದರ ಎಷ್ಟು ಜೋಡಿ ತಗೋಬೇಕ್ರಿ? ಟೈಮಿಂಗ್ ಹ್ಯಾಂಗ ಮಾಡ್ಲಿ?

ಫ್ರಂಟ್‌ಡೆಸ್ಕ್ ಧಾರವಾಡ

ಹಾಸಿಗಿಗೆ ಮೂರು ಸೆಟ್. ಒಂದು ಹಾಸಿಗಿ ಮ್ಯಾಲ, ಒಂದು ಅಗಸರ ಹತ್ರ, ಒಂದು ಕಪಾಟಿನ್ಯಾಗ. ಮಳಿಗಾಲದಾಗ ಒಣಗಂಗಿಲ್ಲ, ನಾಲ್ಕನೇದು ಇದ್ರ ಛಲೋ. 24 ತಾಸಿನ ಚೆಕ್‌ಔಟ್ (ಗಿರಾಕಿ ಬಂದ ಹೊತ್ತಿನಿಂದ 24 ತಾಸು) ಮಾತ್ರ ಬಿಡಬ್ಯಾಡ್ರಿ, ನಸುಕಿನ್ಯಾಗ ನಾಲ್ಕಕ್ಕ ಟ್ರೇನ್ ಇಳದವ್ರು ಮಧ್ಯಾಹ್ನ 12ರ ತನಕ ಎಲ್ಲಿ ಕುಂದರ್ಬೇಕು, ಸ್ಟೇಷನ್ ಲಾಡ್ಜಿಗೆ ಅವ್ರ ಗಿರಾಕಿ. ಬೆಳಕಿದ್ದಾಗ ರೂಮಿಂದು, ಬಾತ್‌ರೂಮಿಂದು ಫೋಟೋ ತಗದು ಗೂಗಲ್ ಮ್ಯಾಪ್‌ನಾಗ ಹಾಕ್ರಿ, ಬಾಡಿಗಿನೂ ಬರೀರಿ, ಫೋನ್ ಬಂದ್ರ ಎತ್ತಾಕ ರಾತ್ರಿ ಪಾಳೇದವ್ರಿಗೆ ಹೇಳಿಡ್ರಿ.