ಸಿಂಗಳೀಕ: ತಾಯಿ-ಮರಿ ಜೀನೋಟೈಪ್ ಹೊಂದ್ತಿಲ್ಲ, ಸ್ಟಡ್‌ಬುಕ್ (ಮೃಗಾಲಯದ ಪ್ರಾಣಿಗಳ ವಂಶಾವಳಿ ದಾಖಲೆ) ತಿದ್ದಬೇಕಾ?

ವಂಶಾವಳಿ_ಬೆಂಗಳೂರು: 14 ಮೈಕ್ರೋಸ್ಯಾಟಲೈಟ್ ಲೋಕಸ್ (ಚಿಕ್ಕ ಸರಣಿ ಮತ್ತೆ ಮತ್ತೆ ಬರೋ ಡಿಎನ್‌ಎ ಜಾಗ) ನೋಡಿದ್ದೇವೆ, 4ರಲ್ಲಿ ತಾಯಿಗೂ ಮರಿಗೂ ತಾಳೆ ಇಲ್ಲ. ಒಂದರಲ್ಲಿ ತಾಯಿ 182/182, ಮರಿ 176/176 (ತಂದೆ-ತಾಯಿಯಿಂದ ಒಂದೊಂದು ಬರೋ ಎರಡು ಅಲೀಲ್‌ಗಳ ಉದ್ದ ಇದು). ಹುಟ್ಟಿದಾಗಿಂದ ಆ ಹೆಣ್ಣಿನ ಹೊಟ್ಟೆಗೇ ಅಂಟಿಕೊಂಡಿರೋ ಮರಿ ಇದು! ಯಾವುದಕ್ಕೆ ಯಾವುದನ್ನ ಕೂಡಿಸಬೇಕು ಅನ್ನೋ ಜೋಡಿ ಪಟ್ಟಿ ಕೊಡೋ ಸಮಯ ಬಂತು, ತಲೆ ಕೆಟ್ಟುಹೋಗಿದೆ. ತಾಯಿ ನಂಬರ್ ತೆಗೆದು ‘ವೈಲ್ಡ್’ (ಕಾಡಿನ ಪ್ರಾಣಿ) ಅಂತ ಹಾಕಿಬಿಡ್ಲಾ?

ಪಿಸಿಆರ್_ಪಾಳಿ: ಕಂಟ್ಯಾಮಿನೇಷನ್, ಇನ್ನೇನಿಲ್ಲ. ಫಿಲ್ಟರ್ ಟಿಪ್ ಬಳಸ್ತೀರಾ? ನೆಗೆಟಿವ್ (ಡಿಎನ್‌ಎ ಹಾಕದ ಪಿಸಿಆರ್) ಹೇಗಿದೆ?

ವಂಶಾವಳಿ_ಬೆಂಗಳೂರು: ನೆಗೆಟಿವ್ ಖಾಲಿ.

ಪಿಸಿಆರ್_ಪಾಳಿ: ಜೆಲ್ ಮೇಲೆ ಖಾಲಿ ಕಂಡ್ರೆ ಸಾಲದು ಸರ್, ಕ್ಯಾಪಿಲರಿಯಲ್ಲಿ (ಡಿಎನ್‌ಎ ತುಂಡಿನ ಉದ್ದ ಅಳೆಯೋ ಯಂತ್ರ) ಓಡಿಸಿ. ಎಕ್ಸ್‌ಟ್ರಾಕ್ಷನ್ ಬ್ಲ್ಯಾಂಕೂ (ಸ್ಯಾಂಪಲ್ ಹಾಕದೆ ಡಿಎನ್‌ಎ ತೆಗೆಯೋ ಕ್ರಮ ಮಾಡಿದ್ದು) ಇಡಿ. ಡಿಎನ್‌ಎ ತೆಗೆಯೋ ಕೋಣೆ, ಪಿಸಿಆರ್ ಕೋಣೆ ಬೇರೆ ಬೇರೆ ಇರ್ಲೇಬೇಕು.

ಅಲೀಲ್96: ಇನ್ನೂ ಮೈಕ್ರೋಸ್ಯಾಟಲೈಟಾ? ಎಸ್‌ಎನ್‌ಪಿ ಪ್ಯಾನೆಲ್‌ಗೆ (ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ ನೋಡೋದು) ಬನ್ನಿ. ನಮ್ಮಲ್ಲಿ ಡಿಎನ್‌ಎ ಓದೋ ನ್ಯಾನೋಪೋರ್ ಯಂತ್ರ ಇದೆ, ಮೇಜಿನ ಮೇಲೇ ಓಡತ್ತೆ.

ಪಿಸಿಆರ್_ಪಾಳಿ: ಹಳೇ ದತ್ತಾಂಶ ಎಲ್ಲ ಮೈಕ್ರೋಸ್ಯಾಟಲೈಟ್‌ನಲ್ಲೇ ಇದೆ, ಅದನ್ನ ಚೆಲ್ಲೋದಾ? ಒಂದೊಂದು ಲೋಕಸ್‌ನಲ್ಲೂ ಹಲವು ಅಲೀಲ್ ಸಿಗತ್ತೆ, ತಂದೆ-ತಾಯಿ ಪತ್ತೆಗೆ ಸ್ವಲ್ಪ ಲೋಕಸ್ ಇದ್ರೂ ನಡೆಯತ್ತೆ.

ಅಲೀಲ್96: ಆದ್ರೆ ಲ್ಯಾಬಿಂದ ಲ್ಯಾಬಿಗೆ ಸೈಜ್ ಬದಲಾಗತ್ತಲ್ಲ. ನಿಮ್ಮ 182 ನಮ್ಮಲ್ಲಿ 180 ಅಂತ ಬರಬಹುದು.

ಮಲೆನಾಡ_ಮಂಗ: ಆ ಜಗಳ ಆಮೇಲೆ. ಬೇರೆ ಪ್ರಾಣಿಯ ಡಿಎನ್‌ಎ ಬೆರೆತಿದ್ರೆ ಸಾಮಾನ್ಯವಾಗಿ ಹೆಚ್ಚುವರಿ ಅಲೀಲ್ ಕಾಣತ್ತೆ. ಇಲ್ಲಿ ಇರಬೇಕಾದ್ದೇ ಕಾಣ್ತಿಲ್ಲ. ನಾಲ್ಕರಲ್ಲೂ ಇಬ್ಬರೂ ಹೋಮೋಜೈಗಸ್ಸಾ (ಎರಡೂ ಅಲೀಲ್ ಒಂದೇನಾ)? ಸ್ಯಾಂಪಲ್ ರಕ್ತಾನಾ, ಮಲಾನಾ?

ವಂಶಾವಳಿ_ಬೆಂಗಳೂರು: ಮಲ. ಹೌದು, ನಾಲ್ಕರಲ್ಲೂ ಹೋಮೋಜೈಗಸ್. ಲೋಕಸ್‌ಗೆ ಒಂದೊಂದೇ ಪಿಸಿಆರ್. ಎಥನಾಲ್ ಇಲ್ಲ, ನೇರ ಸಿಲಿಕಾ (ತೇವ ಹೀರೋ ಮಣಿ) ಡಬ್ಬಿ. ಮಳೆಗಾಲದ್ದು, ಮಣಿಗಳ ಬಣ್ಣ ಹಸಿರಿಗೆ ತಿರುಗಿತ್ತು.

ಮಲೆನಾಡ_ಮಂಗ: ಇದನ್ನ ಮೊದಲೇ ಹೇಳಬೇಕಿತ್ತು. ಕಿತ್ತಳೆ ಮಣಿ ಹಸಿರಾಯ್ತು ಅಂದ್ರೆ ತೇವ ಕುಡಿದು ಸಾಕಾಗಿದೆ ಅಂತ, ಒಳಗೆ ಡಿಎನ್‌ಎ ತುಂಡಾಗ್ತಾನೇ ಇರತ್ತೆ. ಅಂಥ ಸ್ಯಾಂಪಲ್‌ನಲ್ಲಿ ಟೆಂಪ್ಲೇಟ್ (ನಕಲು ಮಾಡೋಕೆ ಸಿಗೋ ಡಿಎನ್‌ಎ) ಕಮ್ಮಿ, ಪಿಸಿಆರ್‌ನಲ್ಲಿ ಎರಡು ಅಲೀಲ್‌ನಲ್ಲಿ ಒಂದರ ಪ್ರತಿ ಮಾತ್ರ ಹೆಚ್ಚತ್ತೆ. ಅಲೀಲಿಕ್ ಡ್ರಾಪ್‌ಔಟ್. ತಾಯಿ ನಿಜಕ್ಕೂ 176/182 ಇರಬಹುದು.

ಈ ನಾಲ್ಕು ಲೋಕಸ್‌ಗೆ ಇಬ್ಬರದ್ದೂ ಪಿಸಿಆರ್ ಮತ್ತೆ ಮತ್ತೆ ಮಾಡಿ. ಹೆಟೆರೋಜೈಗಸ್ (ಎರಡು ಬೇರೆ ಬೇರೆ ಅಲೀಲ್) ಅನ್ನೋಕೆ ಎರಡೂ ಅಲೀಲ್ ಕನಿಷ್ಠ ಎರಡೆರಡು ಸಲ ಕಾಣಬೇಕು. ಹೋಮೋಜೈಗಸ್ ಅನ್ನೋಕೆ ಏಳು ಸಲವೂ ಒಂದೇ ಅಲೀಲ್ ಬರಬೇಕು. ಮಿಕ್ಸ್‌ಗೆ ಬಿಎಸ್‌ಎ ಅನ್ನೋ ಪ್ರೋಟೀನ್ ಸೇರಿಸಿ, ಮಲದಲ್ಲಿರೋ ಅಡ್ಡಿಗಳನ್ನ ಅದು ಹಿಡಿದಿಡತ್ತೆ. ಹೊಸ ಸ್ಯಾಂಪಲ್ ತೆಗೆಯೋದಾದ್ರೆ ಮಲದ ಹೊರಪದರ ಮಾತ್ರ ಕೆರೆದುಕೊಳ್ಳಿ, ಕರುಳಿನ ಜೀವಕೋಶ ಇರೋದು ಅಲ್ಲೇ. ಒಂದು ದಿನ ಎಥನಾಲ್‌ನಲ್ಲಿಟ್ಟು ಆಮೇಲೆ ಸಿಲಿಕಾಗೆ ಹಾಕಿ.

ಏಳು ಸಲ ಮಾಡಿದ್ರೂ ಒಂದೇ ಲೋಕಸ್ ಹಟ ಹಿಡಿದ್ರೆ ಅದು ಬಹುಶಃ ನಲ್ ಅಲೀಲ್. ಪ್ರೈಮರ್ (ನಕಲು ಶುರು ಮಾಡೋ ಚಿಕ್ಕ ಡಿಎನ್‌ಎ ತುಂಡು) ಕೂರೋ ಜಾಗದಲ್ಲಿ ಮ್ಯುಟೇಷನ್, ಅದಕ್ಕೇ ಆ ಅಲೀಲ್ ಕಾಣಲ್ಲ. ಪ್ರೈಮರ್ ಬದಲಿಸಿ, ಇಲ್ಲಾ ಆ ಲೋಕಸ್ ಕೈಬಿಡಿ.

‘ವೈಲ್ಡ್’ ಅಂತ ಮಾತ್ರ ಖಂಡಿತ ಹಾಕ್ಬೇಡಿ! ಪಿಎಂಎಕ್ಸ್‌ನಲ್ಲಿ (ಜೋಡಿ ಲೆಕ್ಕ ಹಾಕೋ ಸಾಫ್ಟ್‌ವೇರ್) ಅದು ಹೊಸ ಫೌಂಡರ್ (ಯಾರಿಗೂ ನಂಟಿಲ್ಲದ ಮೂಲ ಪ್ರಾಣಿ) ಆಗಿಬಿಡತ್ತೆ. ತಾಯಿ ಕಡೆ ನಂಟೆಲ್ಲ ಕಡಿದು ಮರಿಯ ಮೀನ್ ಕಿನ್‌ಷಿಪ್ (ಉಳಿದ ಪ್ರಾಣಿಗಳ ಜೊತೆ ಸರಾಸರಿ ನಂಟು) ಇಳಿಯತ್ತೆ, ಸುಳ್ಳೇ ಅಪರೂಪದ ಪ್ರಾಣಿ ಅನ್ನಿಸಿಕೊಂಡು ಪಟ್ಟಿಯ ಮೇಲಕ್ಕೆ ಬರತ್ತೆ. ಕೊನೆಗೆ ಅದರ ಸ್ವಂತ ತಾಯಿಯ ಮಗನ ಜೊತೆಗೇ ಜೋಡಿ ಮಾಡಿಸೋ ಅಪಾಯ.

ಅಲೀಲ್96: ಅಂದಹಾಗೆ ಕ್ಯಾಲಿಫೋರ್ನಿಯಾ ಕಾಂಡೋರ್ ನೆನಪಿದೆಯಾ? ತಂದೆಯೇ ಇಲ್ಲದೆ ಹುಟ್ಟಿದ ಎರಡು ಮರಿಗಳ ವಿಷಯ 2021ರಲ್ಲಿ ಹೊರಬಂತು, ವಂಶಾವಳಿ ಜೊತೆ ಜೀನೋಟೈಪ್ ತಾಳೆ ಹಾಕಿದ್ದಕ್ಕೇ.

ಮಲೆನಾಡ_ಮಂಗ: ಅಲ್ಲಿ ತಾಯಿ ಸರಿಯಾಗೇ ಹೊಂದಿತ್ತು, ಗಂಡಿನ ಅಲೀಲ್ ಒಂದೂ ಇರಲಿಲ್ಲ. ಇದು ಬೇರೆ ಕಥೆ.

ವಂಶಾವಳಿ_ಬೆಂಗಳೂರು: ಮತ್ತೆ ಓಡಿಸಿದೆ. ಮೂರು ಲೋಕಸ್‌ನಲ್ಲಿ ತಾಯಿ ಹೆಟೆರೋಜೈಗಸ್, ಮರಿಗೆ ಸರಿಯಾಗಿ ಹೊಂದತ್ತೆ. 182/176ರ ಲೋಕಸ್ ಮಾತ್ರ ಹಾಗೇ ಇದೆ. ಅದಕ್ಕೆ ಬೇರೆ ಪ್ರೈಮರ್ ಯಾರ ಹತ್ರ ಆದ್ರೂ ಇದೆಯಾ?