ಟವೆಲ್ಲಿಗೊಂದು ಗೂಟ

ಮೊನ್ನೆ ಶನಿವಾರ ರಾತ್ರಿ ಎರಡೂವರೆ ಗಂಟೆಗೆ ನಮ್ಮ ಬಚ್ಚಲುಮನೆಯಲ್ಲಿ ಕೇಳಿಬಂದ ಸದ್ದಿಗೆ ಮನೆಮಂದಿಯೆಲ್ಲ ಎದ್ದು ಕುಳಿತೆವು. ಕಳ್ಳನೇ ಇರಬೇಕೆಂದು ನಾನು ಕೊಡೆಯನ್ನು ಹಿಡಿದು, ನನ್ನ ಹಿಂದೆ ನನ್ನ ಶ್ರೀಮತಿ ಟಾರ್ಚನ್ನು ಹಿಡಿದು ಒಳಗೆ ಇಣುಕಿದೆವು. ಗೋಡೆಗೆ ಎರಡು ರಬ್ಬರ್ ಬಟ್ಟಲುಗಳ ಬಲದಿಂದ ಅಂಟಿಕೊಂಡಿದ್ದ ಸ್ಟೀಲಿನ ರಾಡು, ತಾನು ಹೊತ್ತಿದ್ದ ನಾಲ್ಕು ಟವೆಲ್ಲುಗಳ ಸಮೇತ, ಬೆಳಗಿನ ಸ್ನಾನಕ್ಕೆಂದು ತುಂಬಿಸಿಟ್ಟಿದ್ದ ಬಕೆಟ್ಟಿನೊಳಗೆ ಜಲಸಮಾಧಿ ಹೊಂದಿತ್ತು. ಒಂದು ತಿಂಗಳೊಳಗೆ ಅದು ಹೀಗೆ ಬಿದ್ದದ್ದು ಐದನೆಯ ಸಲ. ಮರುದಿನ ಸಂಜೆ, ಪ್ರತಿ ಭಾನುವಾರದ ವಾಡಿಕೆಯಂತೆ ಖಾರದ ಅವಲಕ್ಕಿಗೂ ಕಾಫಿಗೂ ಬಂದು ಸೇರಿದ ಗೆಳೆಯರ ಮುಂದೆ ನಾನು ಈ ದುಃಖವನ್ನು ತೋಡಿಕೊಂಡೆ; ಅವರು ಸಾಂತ್ವನದ ಒಂದು ಮಾತನ್ನೂ ಹೇಳದೆ ನೇರವಾಗಿ ಚರ್ಚೆಗೆ ಇಳಿದರು.

ನನ್ನನ್ನು ಬಿಟ್ಟರೆ ನಮ್ಮ ಕೂಟದಲ್ಲಿ ನಾಲ್ವರಿದ್ದಾರೆ. ಕಟ್ಟಡಗಳ ನಡುವೆಯೇ ಜೀವ ಸವೆಸಿ ನಿವೃತ್ತರಾದ ಎಂಜಿನಿಯರು ಕನ್ನಡಕವನ್ನು ಮರೆತು ಬಂದಾರೇ ಹೊರತು ಅಳತೆಯ ಟೇಪನ್ನು ಮರೆತು ಬರುವವರಲ್ಲ. ಭೌತಶಾಸ್ತ್ರದ ಮೇಷ್ಟ್ರಿಗೆ ಪ್ರಶ್ನೆ ಯಾವುದಾದರೂ ಆಗಬಹುದು, ಉತ್ತರ ಮಾತ್ರ ಭೌತಶಾಸ್ತ್ರದ್ದೇ ಆಗಬೇಕು. ಉಡುಪಿಯ ಗೆಳೆಯರು ಮೂವತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದರೂ ಟವೆಲ್ಲನ್ನು ಬೈರಾಸು ಎಂದೇ ಕರೆಯುತ್ತಾರೆ. ವಿಜಯಪುರದ ಗೆಳೆಯರಂತೂ ಹೆಗಲ ಮೇಲಿನ ಒಲ್ಲಿಯನ್ನು ಇಳಿಸಿ ಮಾತನಾಡಿದ್ದನ್ನು ನಾವು ಯಾರೂ ಕಂಡಿಲ್ಲ.

"ಮೊದಲನೆಯದಾಗಿ, ಆ ರಬ್ಬರ್ ಬಟ್ಟಲು ಗೋಡೆಯನ್ನು ಹಿಡಿದುಕೊಳ್ಳುತ್ತದೆ ಎಂಬ ನಿಮ್ಮ ನಂಬಿಕೆಯೇ ತಪ್ಪು" ಎಂದು ಮೇಷ್ಟ್ರು ಪಾಠವನ್ನು ಆರಂಭಿಸಿದರು. "ಒಳಗಿನ ಗಾಳಿಯನ್ನು ನೀವು ಒತ್ತಿ ಹೊರಗಟ್ಟಿರುವುದರಿಂದ, ಹೊರಗಿನ ವಾತಾವರಣವೇ ಆ ಬಟ್ಟಲನ್ನು ಗೋಡೆಗೆ ಒತ್ತಿ ನಿಲ್ಲಿಸಿರುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ನಮಗೆ ಅದರಲ್ಲಿ ಹತ್ತನೆಯ ಒಂದು ಪಾಲು ಖೋತಾ."

"ಹಾಗಾದರೆ ಇದೇ ರಾಡು ಮಲ್ಪೆಯಲ್ಲಿ ಬೀಳುತ್ತಿರಲಿಲ್ಲ ಎಂದಾಯಿತು" ಎಂದು ಉಡುಪಿಯ ಗೆಳೆಯರು ಊರಿನ ಅಭಿಮಾನದಿಂದ ಬೀಗಿದರು.

"ಅಲ್ಲಿಯೂ ಬೀಳುತ್ತಿತ್ತು, ತುಸು ತಡವಾಗಿ, ಬೆಳಗಿನ ಜಾವ ನಾಲ್ಕು ಗಂಟೆಗೆ. ಏಕೆಂದರೆ ಗಾಳಿ ಬಟ್ಟಲನ್ನು ಒತ್ತುವುದು ಗೋಡೆಯ ಕಡೆಗೆ, ಟವೆಲ್ಲು ಎಳೆಯುವುದು ನೆಲದ ಕಡೆಗೆ. ಕೆಳಗೆ ಜಾರದಂತೆ ತಡೆಯುವುದು ರಬ್ಬರಿಗೂ ಟೈಲಿಗೂ ನಡುವಿನ ಘರ್ಷಣೆ ಮಾತ್ರ. ಆ ಘರ್ಷಣೆಗೆ ನೀವು ದಿನವೂ ಹಬೆಯನ್ನೂ ಸಾಬೂನಿನ ಜಿಡ್ಡನ್ನೂ ಉಣಿಸುತ್ತಿದ್ದೀರಿ. ಮೇಲಾಗಿ ಬಟ್ಟಲಿನ ಅಂಚು ಎರಡು ಟೈಲುಗಳ ನಡುವಿನ ಗೆರೆಯ ಮೇಲೆ ಕುಳಿತಿದ್ದರೆ ಆ ಸಂದಿನಿಂದ ಗಾಳಿ ನಿಧಾನವಾಗಿ ಒಳನುಗ್ಗುತ್ತದೆ. ಅಂದ ಹಾಗೆ, ನಿಮ್ಮ ಟವೆಲ್ಲಿನ ಭಾರ ಎಷ್ಟು?"

ನನ್ನ ಐವತ್ತೆರಡು ವರ್ಷಗಳ ಬದುಕಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಡುಗೆಮನೆಯಿಂದ ಹಿಟ್ಟು ತೂಗುವ ತಕ್ಕಡಿ ಬಂದಿತು. ಅದರ ಹಿಂದೆಯೇ ತಕ್ಕಡಿಯ ಒಡತಿಯ ಆಕ್ಷೇಪಣೆಯೂ ಬಂದಿತು. ಟವೆಲ್ಲಿನ ಚೀಟಿಯ ಮೇಲೆ 75 ಗುಣಿಲೆ 150 ಸೆಂಟಿಮೀಟರು, 500 ಜಿಎಸ್‌ಎಂ ಎಂದಿತ್ತು. ಒಂದು ಚದರ ಮೀಟರು ಬಟ್ಟೆ 500 ಗ್ರಾಂ ತೂಗುತ್ತದೆ ಎಂಬುದು ಅದರ ಅರ್ಥವೆಂದೂ, ಆದ್ದರಿಂದ ಒಣಗಿದ ಟವೆಲ್ಲು ಸುಮಾರು 560 ಗ್ರಾಂ ಇರಲೇಬೇಕೆಂದೂ ಮೇಷ್ಟ್ರು ತೂಗುವ ಮೊದಲೇ ಘೋಷಿಸಿದರು. ತಕ್ಕಡಿ ಹೆದರಿದಂತೆ ಅದನ್ನೇ ತೋರಿಸಿತು. ಸ್ನಾನ ಮಾಡಿ ಬಂದ ಮಗನ ಕೈಯಿಂದ ಕಿತ್ತುಕೊಂಡ ಒದ್ದೆ ಟವೆಲ್ಲು ಮುಕ್ಕಾಲು ಕಿಲೋವನ್ನು ದಾಟಿತು. ಅಂದರೆ ನಾಲ್ಕು ಟವೆಲ್ಲುಗಳಿಂದ 3 ಕಿಲೋಗೂ ಮೀರಿದ ಭಾರವನ್ನು ನಾನು ಎರಡು ರಬ್ಬರ್ ಬಟ್ಟಲುಗಳ ಮೇಲೆ ಹೊರಿಸಿ ನಿದ್ದೆ ಮಾಡುತ್ತಿದ್ದೆ.

ಎಂಜಿನಿಯರು ಇಷ್ಟು ಹೊತ್ತು ಸುಮ್ಮನಿದ್ದುದು ಕೇವಲ ಅವಲಕ್ಕಿಯ ಕಾರಣದಿಂದ. ತಟ್ಟೆ ಖಾಲಿಯಾದ ಕೂಡಲೇ ಅವರು ಟೇಪನ್ನು ಹೊರತೆಗೆದು ಸ್ಥಳ ಪರಿಶೀಲನೆಗೆ ಹೊರಟರು, ನಾವೂ ಹಿಂಬಾಲಿಸಿದೆವು. 4 ಅಡಿ ಅಗಲ, 7 ಅಡಿ ಉದ್ದದ ಆ ಕೋಣೆಯಲ್ಲಿ ಐದು ಮಂದಿ ನಿಂತ ಮೇಲೆ ಬಾಗಿಲನ್ನು ಮುಚ್ಚುವುದಾಗಲಿ, ತೆರೆಯುವುದಾಗಲಿ, ಯಾರಾದರೂ ಕೈಯೆತ್ತಿ ತಲೆ ಕೆರೆದುಕೊಳ್ಳುವುದಾಗಲಿ ಸಾಧ್ಯವಿರಲಿಲ್ಲ. ಆ ಸ್ಥಿತಿಯಲ್ಲಿಯೇ ಅವರು ನಾಲ್ಕು ಗೋಡೆಗಳ ಜಾತಕವನ್ನು ಓದಿದರು. ಒಂದು ಗೋಡೆಯನ್ನು ಬಾಗಿಲು ನುಂಗಿದೆ. ಎದುರಿನದನ್ನು ಕಿಟಕಿಯೂ ಫ್ಯಾನೂ ಹಂಚಿಕೊಂಡಿವೆ. ಮೂರನೆಯದರಲ್ಲಿ ಗೀಜರು, ನಲ್ಲಿ, ಷವರು ಒಂದರ ಕೆಳಗೊಂದು ನಿಂತಿವೆ. ಉಳಿದ ಒಂದೇ ಗೋಡೆಯಲ್ಲಿ ಕೈತೊಳೆಯುವ ಬೇಸಿನ್ನು ಮತ್ತು ಕನ್ನಡಿ ಹೋದ ಮೇಲೆ ದಕ್ಕುವುದು 5 ಅಡಿ. ಟವೆಲ್ಲಿನ ಅಗಲ 30 ಅಂಗುಲ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರಾಡಿನ ಉದ್ದ 24 ಅಂಗುಲ ಎಂಬ ಸಂಗತಿಯನ್ನು ಅವರು ಬಯಲಿಗೆಳೆದಾಗ ನಮಗೆಲ್ಲ ದೊಡ್ಡದೊಂದು ಹಗರಣವನ್ನು ಕೇಳಿದಂತಾಯಿತು. ರಾಡು ಮಾಡುವವರೂ ಟವೆಲ್ಲು ನೇಯುವವರೂ ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಎದುರುಬದುರು ಕುಳಿತು ಮಾತನಾಡಬಹುದಿತ್ತಲ್ಲವೇ?

"ನಾಲ್ಕು ಟವೆಲ್ಲುಗಳನ್ನು ಮಡಿಕೆಯಿಲ್ಲದಂತೆ ಪಕ್ಕಪಕ್ಕದಲ್ಲಿ ಹರವಬೇಕಾದರೆ 3 ಮೀಟರು ರಾಡು ಬೇಕು. ನಿಮ್ಮ ಅತಿ ಉದ್ದದ ಗೋಡೆಯೇ 2 ಮೀಟರನ್ನು ಸ್ವಲ್ಪ ದಾಟುತ್ತದೆ" ಎಂದು ಎಂಜಿನಿಯರು ತೀರ್ಪಿತ್ತರು. "ಆದ್ದರಿಂದ ಒಂದರ ಕೆಳಗೊಂದು ಎರಡು ಸಾಲುಗಳನ್ನು ಮಾಡಬೇಕು. ನಡುವಿಗೆ ಮಡಿಸಿ ಹಾಕಿದ ಟವೆಲ್ಲು 75 ಸೆಂಟಿಮೀಟರು ಇಳಿಬೀಳುತ್ತದೆ. ಕೆಳಗಿನ ರಾಡನ್ನು 85 ಸೆಂಟಿಮೀಟರು ಎತ್ತರದಲ್ಲಿಯೂ ಮೇಲಿನದನ್ನು 165 ಸೆಂಟಿಮೀಟರು ಎತ್ತರದಲ್ಲಿಯೂ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ."

ಲೆಕ್ಕವೇನೋ ಸರಿಹೋಯಿತು. ಆದರೆ ಮೇಲಿನ ಟವೆಲ್ಲುಗಳಿಂದ ತೊಟ್ಟಿಕ್ಕುವ ನೀರನ್ನೂ ಬಕೆಟ್ಟಿನಿಂದ ಚಿಮ್ಮುವ ನೀರನ್ನೂ ಏಕಕಾಲಕ್ಕೆ ಸ್ವೀಕರಿಸಬೇಕಾದ ಕೆಳಸಾಲಿನಲ್ಲಿ ಯಾರ ಟವೆಲ್ಲು ಇರಬೇಕು ಎಂಬ ಪ್ರಶ್ನೆ ಉಳಿಯಿತು. ಬಾಗಿಲ ಹೊರಗೆ ನಿಂತಿದ್ದ ನನ್ನ ಶ್ರೀಮತಿಯೂ ಮಕ್ಕಳೂ ನನ್ನನ್ನು ನೋಡಿದ ರೀತಿಯಿಂದ ಆ ಪ್ರಶ್ನೆಗೂ ಉತ್ತರ ದೊರೆಯಿತು.

ಹಜಾರಕ್ಕೆ ಮರಳಿದ ಮೇಲೆ ವಿಜಯಪುರದ ಗೆಳೆಯರು ಗೂಟದ ಪರವಾಗಿ ವಾದವನ್ನು ಮಂಡಿಸಿದರು. ಅವರ ಹಳೆಯ ಮನೆಯ ಮಣ್ಣಿನ ಗೋಡೆಯಲ್ಲಿ ಮರದ ಗೂಟಗಳಿದ್ದವು. ಒಂದಕ್ಕೆ ಅಜ್ಜನ ರುಮಾಲು, ಇನ್ನೊಂದಕ್ಕೆ ಚೀಲ, ಮತ್ತೊಂದಕ್ಕೆ ಎತ್ತಿನ ಗೆಜ್ಜೆ. ಹಾಗಿರುವಾಗ ನಾಲ್ಕು ಟವೆಲ್ಲುಗಳಿಗೆ ನಾಲ್ಕು ಕೊಕ್ಕೆಗಳು ಸಾಲವೇ, ಅಂಗೈಯಗಲದ ಜಾಗದಲ್ಲಿ ಕೆಲಸ ಮುಗಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆ.

"ನೇತುಹಾಕುವ ಕೆಲಸ ಮುಗಿಯುತ್ತದೆ, ಒಣಗುವ ಕೆಲಸ ಆರಂಭವೇ ಆಗುವುದಿಲ್ಲ" ಎಂದರು ಮೇಷ್ಟ್ರು. "ಕೊಕ್ಕೆಗೆ ಸಿಕ್ಕಿಸಿದ ಟವೆಲ್ಲು ಬಾವಲಿಯಂತೆ ರೆಕ್ಕೆ ಮಡಚಿ ನೇತಾಡುತ್ತದೆ. ಹೊರ ಪದರ ಗಾಳಿಯನ್ನು ಕಾಣುತ್ತದೆ, ಒಳ ಪದರಗಳು ಒಂದನ್ನೊಂದು ತಬ್ಬಿಕೊಂಡು ಮರುದಿನದವರೆಗೂ ಒದ್ದೆಯಾಗಿಯೇ ಇರುತ್ತವೆ. ಅಲ್ಲಿಂದ ಹುಟ್ಟುವುದೇ ಆ ವಾಸನೆ. 2012ರಲ್ಲಿ ಜಪಾನಿನ ಸಂಶೋಧಕರು ಬಟ್ಟೆಯ ಈ ನಾತಕ್ಕೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ್ದಾರೆ. ಹೆಸರು ಬಂದದ್ದು ನಾರ್ವೆಯ ಓಸ್ಲೋ ನಗರದಿಂದ."

"ಅದಕ್ಕೆ ನಮ್ಮ ಮನೆಯಲ್ಲಿ ಮುಗ್ಗುಲು ಎಂದು ಹೆಸರು; ಅದು ಬರುವುದು ನಾರ್ವೆಯಿಂದಲ್ಲ, ಇವರ ಟವೆಲ್ಲಿನಿಂದ" ಎಂದು ಒಳಗಿನಿಂದ ಒಂದು ಧ್ವನಿ ಸ್ಪಷ್ಟೀಕರಣ ನೀಡಿತು.

ಬಾಗಿಲ ಹಿಂದೆ ಕೊಕ್ಕೆಗಳನ್ನು ಹಾಕಬಹುದೆಂಬ ಸಲಹೆ ಹೆಚ್ಚು ಹೊತ್ತು ಬದುಕಲಿಲ್ಲ. ಅಲ್ಲಿ ನಾಲ್ಕು ದಪ್ಪ ಟವೆಲ್ಲುಗಳು ಗುಡ್ಡೆಬಿದ್ದರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆಂದೂ, ಒಳಗೆ ಹೋಗುವವರು ಅಡ್ಡಡ್ಡಲಾಗಿ ನುಸುಳಬೇಕಾಗುತ್ತದೆಂದೂ ಎಂಜಿನಿಯರು ನನ್ನ ಹೊಟ್ಟೆಯ ಕಡೆಗೆ ನೋಡುತ್ತ ನುಡಿದರು. ಫ್ಯಾನಿನ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ನನಗೆ ನಿಜಕ್ಕೂ ಉಪಯೋಗಕ್ಕೆ ಬಂದಿತು. ಗಾಳಿಯನ್ನು ಹೊರಗೆ ತಳ್ಳುವ ಫ್ಯಾನಿಗೆ ಒಳಗೆ ಬರುವ ಗಾಳಿಯ ದಾರಿಯೂ ಬೇಕು. ಬಾಗಿಲ ಅಡಿಯಲ್ಲಿ ಒಂದು ಬೆರಳಿನಷ್ಟಾದರೂ ಸಂದು ಇಲ್ಲದಿದ್ದರೆ ಅದು ಇದ್ದ ತೇವವನ್ನೇ ಕಡೆಯುತ್ತ ಮಜ್ಜಿಗೆಯ ಕಡಗೋಲಿನಂತೆ ಸುತ್ತುತ್ತಿರುತ್ತದೆ. ಜಿರಲೆ ಬಾರದಿರಲೆಂದು ನಾನು ಆ ಸಂದಿಗೆ ರಬ್ಬರ್ ಪಟ್ಟಿಯನ್ನು ಅಂಟಿಸಿ ಎರಡು ವರ್ಷಗಳಾಗಿದ್ದವು. ಅಂದೇ ಅದನ್ನು ಕಿತ್ತೆ. ಅಂದೇ ರಾತ್ರಿ ಜಿರಲೆಯೂ ಬಂದಿತು, ಆ ಮಾತು ಬೇರೆ.

ಉಡುಪಿಯ ಗೆಳೆಯರ ಕಣ್ಣುಗಳಲ್ಲಿ ಈಗ ಹಳೆಯ ನೆನಪು ಮಿನುಗಲಾರಂಭಿಸಿತ್ತು. "ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನವರು ನಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಮುಖ ತೋರಿಸದಿದ್ದರೂ ನಮ್ಮ ಬೈರಾಸು ಒಣಗುತ್ತಿತ್ತು. ಬಚ್ಚಲ ಒಲೆಯ ಮೇಲೆ ಹಂಡೆ, ಹಂಡೆಯ ಸುತ್ತ ಬೆಂಕಿಯ ಕಾವು, ಅದರ ಮೇಲೆ ಮಾಡಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬಿದಿರಿನ ಗಳು. ಒಣಗಿದ ಬಟ್ಟೆಗೆ ಹೊಗೆಯ ಪರಿಮಳ ಬರುತ್ತಿತ್ತು, ನಿಜ; ಶಾಲೆಯಲ್ಲಿ ನಮ್ಮೆಲ್ಲರಿಗೂ ಒಂದೇ ಪರಿಮಳವಿದ್ದುದರಿಂದ ಯಾರೂ ಯಾರನ್ನೂ ಹಳಿಯುತ್ತಿರಲಿಲ್ಲ. ಮಡಿಬಟ್ಟೆಯ ಗಳು ಇನ್ನೂ ಎತ್ತರದಲ್ಲಿರುತ್ತಿತ್ತು. ಅದಕ್ಕೆ ಕೈತಾಗಿಸದೆ ಕೋಲಿನಿಂದಲೇ ಬಟ್ಟೆಯನ್ನು ಹರವುತ್ತಿದ್ದ ಅಜ್ಜಿಯ ಕೈಚಳಕ ಈಗಿನ ಕ್ರೇನ್ ನಡೆಸುವವರಿಗೂ ಬಾರದು. ನೀವೂ ಸೂರಿಗೆ ರಾಟೆ ಹಾಕಿ ಗಳುವನ್ನು ಮೇಲೆ ಎಳೆದುಬಿಡಿ. ಗೋಡೆಯಲ್ಲಿ ಜಾಗವಿಲ್ಲದಿದ್ದರೇನು, ಆಕಾಶ ಖಾಲಿ ಇದೆಯಲ್ಲ."

ಸಲಹೆ ಮನಸ್ಸಿಗೆ ಹಿಡಿಸುವಂತಿತ್ತು. ಆದರೆ ಅಲ್ಲಿ ಬೆಂಕಿಯಿತ್ತು, ಇಲ್ಲಿ ಗೀಜರು ತನ್ನ ಕಾವನ್ನೆಲ್ಲ ಹೊಟ್ಟೆಯೊಳಗೇ ಕಟ್ಟಿಕೊಂಡಿರುತ್ತದೆ. ಬಿಸಿಗಾಳಿಯ ಬದಲು ಹಬೆ ಮಾತ್ರ ಮೇಲೇರಿ ಟವೆಲ್ಲುಗಳನ್ನು ಇನ್ನಷ್ಟು ತೋಯಿಸುತ್ತದೆ ಎಂದು ಮೇಷ್ಟ್ರು ತಣ್ಣೀರೆರಚಿದರು.

ಆಗ ವಿಜಯಪುರದ ಗೆಳೆಯರು ಹೆಗಲಿನ ಒಲ್ಲಿಯನ್ನು ಕೆಳಗಿಳಿಸಿದರು. ಸಭೆ ಸ್ತಬ್ಧವಾಯಿತು.

"ನೀವು ಇಷ್ಟು ಹೊತ್ತು ರಾಡನ್ನು ಬೈದಿರಿ, ಗೋಡೆಯನ್ನು ಬೈದಿರಿ, ಗಾಳಿಯನ್ನು ಬೈದಿರಿ. ತಪ್ಪು ಟವೆಲ್ಲಿನದು. ಈ ಒಲ್ಲಿಯನ್ನು ತೂಗಿ ನೋಡಿ. ನಿಮ್ಮದರ ಮೂರನೆಯ ಒಂದು ಪಾಲೂ ಇಲ್ಲ. ಮೈ ಒರೆಸಿ, ಹಿಂಡಿ, ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದರೆ ಬದು ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಮೈಯೆಲ್ಲ ಕುಣಿಕೆಗಳಿರುವ ಆ ಟರ್ಕಿ ಟವೆಲ್ಲನ್ನು ತಂದವರು ಯಾರು?"

ಮೇಷ್ಟ್ರು ಉತ್ತರವನ್ನು ತಡೆದುಕೊಳ್ಳಲಾರದೆ ಹೇಳಿದರು: ಹೆನ್ರಿ ಕ್ರಿಸ್ಟಿ ಎಂಬ ಆಂಗ್ಲ ವ್ಯಾಪಾರಿ ತುರ್ಕಿಯ ಪ್ರವಾಸದಲ್ಲಿ ಆ ಕುಣಿಕೆ ನೇಯ್ಗೆಯನ್ನು ಕಂಡು ಅದರ ಮಾದರಿಯನ್ನು ಇಂಗ್ಲೆಂಡಿಗೆ ತಂದನೆಂದೂ, ಅದನ್ನು ಯಂತ್ರದಲ್ಲಿ ನೇಯಿಸಿ 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಡಲಾಯಿತೆಂದೂ, ಕುಣಿಕೆಗಳಿಂದಾಗಿ ಬಟ್ಟೆಯ ಮೇಲ್ಮೈ ಹೆಚ್ಚಾಗಿ ಅದು ನೀರನ್ನು ಬೇಗ ಹೀರುತ್ತದೆಂದೂ.

"ಹೀರಿದ್ದನ್ನು ಬೇಗ ಬಿಡುತ್ತದೆಯೇ?" ಎಂದು ವಿಜಯಪುರದವರು ಗುಡುಗಿದರು. "ಇಲ್ಲ. ಅದು ಸಾಲ ಪಡೆದವರ ಸ್ವಭಾವ. ಬಚ್ಚಲುಮನೆ ಕುಗ್ಗುತ್ತ ಬಂದಂತೆಲ್ಲ ನಾವು ಟವೆಲ್ಲನ್ನು ಕೊಬ್ಬಿಸುತ್ತ ಬಂದಿದ್ದೇವೆ."

ನನಗೆ ಆ ಮಾತು ನಾಟಿತು. ಆದರೆ ಅದರ ಪ್ರಭಾವ ಪೂರ್ತಿಯಾಗುವ ಮೊದಲೇ ಉಡುಪಿಯ ಗೆಳೆಯರು, ವಿಜಯಪುರದಿಂದ ಸುಮಾರು 100 ಕಿಲೋಮೀಟರು ದೂರದಲ್ಲಿರುವ ಸೊಲ್ಲಾಪುರದ ಟೆರ್ರಿ ಟವೆಲ್ಲಿಗೆ ಭೌಗೋಳಿಕ ಸೂಚ್ಯಂಕದ ಗೌರವ ದೊರೆತಿರುವುದನ್ನು ನೆನಪಿಸಿ, ಅದೂ ಕುಣಿಕೆಯ ಟವೆಲ್ಲೇ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಸೊಲ್ಲಾಪುರದಲ್ಲಿ ಅರ್ಧ ಬಳಗವಿರುವ ವಿಜಯಪುರದ ಗೆಳೆಯರು ಒಲ್ಲಿಯನ್ನು ಮರಳಿ ಹೆಗಲಿಗೇರಿಸಿ, "ಅದರ ಮಾತೇ ಬೇರೆ" ಎಂದಷ್ಟೇ ಹೇಳಿ ಕಾಫಿ ಲೋಟವನ್ನು ಕೈಗೆತ್ತಿಕೊಂಡರು.

ಇಷ್ಟಾದ ಮೇಲೆ ನನಗೊಂದು ಸಂಶಯ ಬಂದಿತು. ಇವರೆಲ್ಲರ ಮನೆಯ ಬಚ್ಚಲೂ ಹೆಚ್ಚುಕಡಿಮೆ ನನ್ನದರಷ್ಟೇ ಇದೆ. ಆದ್ದರಿಂದ ಅವರವರ ಟವೆಲ್ಲು ಈ ಕ್ಷಣದಲ್ಲಿ ಎಲ್ಲಿದೆ ಎಂದು ಒಬ್ಬೊಬ್ಬರನ್ನಾಗಿ ಕೇಳಿದೆ. ಎಂಜಿನಿಯರು ಟೇಪನ್ನು ಎಳೆಯುತ್ತ ಬಿಡುತ್ತ, ಊಟದ ಮೇಜಿನ ಕುರ್ಚಿಯ ಬೆನ್ನಿನ ಮೇಲಿರಬಹುದೆಂದರು. ಮೇಷ್ಟ್ರದು ಮೂರು ವರ್ಷಗಳಿಂದ ಯಾರೂ ತುಳಿಯದ ವ್ಯಾಯಾಮದ ಸೈಕಲ್ಲಿನ ಹ್ಯಾಂಡಲಿನ ಮೇಲಿತ್ತು. ಅಲ್ಲಿ ಎರಡು ಪದರಗಳ ನಡುವೆ ಗಾಳಿಯಾಡಲು ಅನುಕೂಲವಿದೆಯೆಂದು ಅವರು ಸಮರ್ಥನೆಯನ್ನೂ ಸೇರಿಸಿದರು. ಉಡುಪಿಯವರು ಮಲಗುವ ಕೋಣೆಯ ಬಾಗಿಲನ್ನು ಹೆಸರಿಸಿದರು. ವಿಜಯಪುರದವರನ್ನು ಕೇಳುವ ಅಗತ್ಯವಿರಲಿಲ್ಲ.

ಕೊನೆಗೆ ಗೋಡೆಗೆ ಎರಡು ರಾಡುಗಳನ್ನು ಸ್ಕ್ರೂ ಹಾಕಿ ಕೂರಿಸುವುದೆಂದು ನಿರ್ಣಯವಾಯಿತು. ಟೈಲಿನ ಮೇಲೆ ಮೊದಲು ಅಂಟುಪಟ್ಟಿಯನ್ನು ಅಂಟಿಸಿ ಗುರುತು ಹಾಕಬೇಕೆಂದೂ, ಟೈಲು ದಾಟುವವರೆಗೆ ಡ್ರಿಲ್ಲಿನ ಸುತ್ತಿಗೆಯ ಗುಂಡಿಯನ್ನು ಒತ್ತಕೂಡದೆಂದೂ, ನಲ್ಲಿಯ ನೇರಕ್ಕೆ ಮೇಲೆ ಎಲ್ಲಿಯೂ ತೂತು ಕೊರೆಯಬಾರದು, ಒಳಗೆ ಪೈಪು ಹಾದಿರುತ್ತದೆಂದೂ ಎಂಜಿನಿಯರು ಕಾಗದದ ಮೇಲೆ ಬರೆದುಕೊಟ್ಟರು. ಆ ಕಾಗದವನ್ನು ಹಿಡಿದು ಮನೆಯ ಮಾಲೀಕರಿಗೆ ದೂರವಾಣಿ ಮಾಡಿದೆ. ತೂತಿಗೊಂದರಂತೆ ಟೈಲಿನ ಬೆಲೆಯನ್ನು ಮುಂಗಡ ಹಣದಲ್ಲಿ ಮುರಿದುಕೊಳ್ಳುವುದಾಗಿ ಅವರು ಅತ್ಯಂತ ಸೌಜನ್ಯದಿಂದ ತಿಳಿಸಿದರು. ಎರಡು ರಾಡು, ನಾಲ್ಕು ಕಾಲು, ಕಾಲಿಗೆರಡು ಸ್ಕ್ರೂ. ಎಂಟು ಟೈಲುಗಳ ಲೆಕ್ಕವನ್ನು ಮೇಷ್ಟ್ರು ಕೇಳದೆಯೇ ಮಾಡಿಕೊಟ್ಟರು.

ಈಗ ಟವೆಲ್ಲುಗಳು ಬಚ್ಚಲಿಗೆ ಸ್ನಾನದ ಹೊತ್ತಿಗಷ್ಟೇ ಅತಿಥಿಗಳಾಗಿ ಹೋಗಿ, ಕೆಲಸ ಮುಗಿಸಿ, ಬಾಲ್ಕನಿಯ ಹಗ್ಗಕ್ಕೆ ಹಿಂದಿರುಗುತ್ತವೆ. ವಾರದ ದಿನಗಳಿಗೆಂದು ತಂದ ತೆಳು ಬಟ್ಟೆಯವು ಮಧ್ಯಾಹ್ನದೊಳಗೆ ಗರಿಗರಿಯಾಗಿರುತ್ತವೆ. ದಪ್ಪನೆಯವನ್ನು ನೆಂಟರಿಗೆಂದು ಎತ್ತಿಟ್ಟಿದ್ದೇವೆ. ಎಂಜಿನಿಯರು ಅಂದು ಮರೆತುಹೋದ ಅಳತೆಯ ಟೇಪು ಮಾತ್ರ ರಬ್ಬರ್ ಬಟ್ಟಲಿನ ಆ ಹಳೆಯ ರಾಡಿನ ಮೇಲೆ ನೇತಾಡುತ್ತಿದೆ. ಹನ್ನೊಂದು ದಿನಗಳಾದವು, ರಾಡು ಇನ್ನೂ ಬಿದ್ದಿಲ್ಲ.